ಹೊಸ್ತಿಲಿಗೆ ಕೂರಿಸಿದ ಮಗ

“ತಿಕ್ಕಲೇ ಸುಂಕಿ, ತಿಕ್ಕು! ತಾಸೀಲ್ದಾರ್ರು ಬರೋ ಹೊತ್ತಾತು, ಕಲ್ಲು ಇನ್ನೂ ಕೆಂಪಗ ಕಾಣ್ತೈತಿ. ಕೈಯಾಗ ಜೀವ ಇಲ್ಲೇನು ನಿಂಗ?”

ಸಾಲೆಯ ಜವಾನ ಹತ್ತು ಮಾರು ದೂರ ನಿಂತು ಕೂಗುತ್ತಿದ್ದ. ಹದಿನೈದು ವರ್ಷ ಈ ಸಾಲೆಯ ಅಂಗಳ ಗುಡಿಸಿದ್ದೇನೆ. ಹೊಸ್ತಿಲು ಮುಟ್ಟಿದ್ದು ಅವತ್ತೇ ಮೊದಲು. ಅದರ ಮೇಲಿನ ನೆತ್ತರು ನಮ್ಮ ಜಾತಿಯದು ಅಂತ ಬೇರೆ ಯಾರೂ ತೊಳೆಯಲು ಒಪ್ಪಲಿಲ್ಲ. ಐದು ದಿನ ಒಣಗಿ ಕಲ್ಲಿಗೆ ಕಚ್ಚಿಕೊಂಡಿತ್ತು. ನನ್ನ ಮಗ ಹುಲುಗಪ್ಪನ ನೆತ್ತರು. ಅವನನ್ನು ಮಣ್ಣಿಗಿಟ್ಟು ಎರಡು ದಿನವಾಗಿತ್ತು.

ಬೂದಿ ಹಾಕಿ ತಿಕ್ಕುತ್ತಿದ್ದರೆ ಬೆನ್ನ ಹಿಂದಿನಿಂದಲೇ ಅವನ ದನಿ. “ಯವ್ವಾ, ಏನಂತ ಬರದ್ರಬೇ?”

ತಿರುಗಿ ನೋಡಿದೆ. ಯಾರೂ ಇಲ್ಲ. ಎರಡು ದಿನದಿಂದ ಇದೇ ಗೋಳು. ನೀರಿಗೆ ಹೋದರೂ ಕೇಳುತ್ತಾನೆ, ರೊಟ್ಟಿ ಬಡಿಯುವಾಗಲೂ ಕೇಳುತ್ತಾನೆ. ಅವನಿಗೆ ಎಲ್ಲವೂ ಬರಹದಲ್ಲಿ ಇರಬೇಕು. ಬಿಳಿ ದೊರೆಯ ಹುಕುಂ ಆದದ್ದಕ್ಕೆ ಸಾಲೆಗೆ ಸೇರಿಸಿಕೊಂಡಿದ್ದರು. ಕಿಟಕಿಯ ಹೊರಗೆ ಗೋಣಿತಾಟು ಹಾಸಿಕೊಂಡು ಐದು ವರ್ಷ ಓದಿದ್ದ, ನನ್ನ ಕಂದ.

ಆ ವರ್ಷ ಸಾಲೆಯ ಫೀಜು ಒಂದಕ್ಕೆರಡು ಮಾಡಿದರು. ಸಿರುಗುಪ್ಪ, ಕುರುಗೋಡು ಕಡೆಯಿಂದ ಬಂದು ಬಳ್ಳಾರಿಯಲ್ಲಿ ತಾವೇ ಬೇಯಿಸಿಕೊಂಡು ಓದುವ ಹುಡುಗರು ಗಂಟುಮೂಟೆ ಕಟ್ಟುವ ಹಾಗಾಯಿತು. ಫೀಜು ಇಳಿಸುವ ತನಕ ಸಾಲೆ ನಡೆಯಲು ಬಿಡುವುದಿಲ್ಲ ಅಂತ ಬಾಗಿಲಿಗೆ ಅಡ್ಡ ಕೂತರು. ಮೊದಲ ದಿನ ಪೊಲೀಸರು ಬಂದು ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ದರದರ ಎಳೆದು ಬಯಲಿಗೆ ಹಾಕಿದರು.

ಅವತ್ತು ಸಂಜೆ ಜಯತೀರ್ಥ ನಮ್ಮ ಕೇರಿಯ ಬಾಯಿಗೆ ಬಂದ. ವಕೀಲರ ಮಗ, ಈ ಹುಡುಗರ ಮುಂದಾಳು. ಜಾಲಿಗಿಡದ ಆಚೆಯೇ ನಿಂತ.

“ಹುಲುಗಪ್ಪ, ನಾಳೆ ಹೊಸ್ತಿಲ ಮ್ಯಾಲೆ ನೀನು ಕೂಡು. ನಾವು ಒಳಗ ಕೂಡ್ತೀವಿ. ನಿನ್ನ ಯಾವ ಪೊಲೀಸನೂ ಮುಟ್ಟಂಗಿಲ್ಲ. ನಿನ್ನ ದಾಟದ ನಮ್ಮನ್ನ ಹ್ಯಾಂಗ ಎಳೀತಾರ?”

ಹುಲುಗಪ್ಪ ನನ್ನ ಮುಖ ನೋಡಿದ. ನನ್ನ ನಾಲಿಗೆಗೆ ಹುಳ ಬೀಳಲಿ, ನಾನು ನಕ್ಕೆ. “ಹೋಗಲೇ ಮಗನ, ನಮ್ಮ ಮೈಲಿಗಿ ಒಂದಿನನಾರ ಕೆಲಸಕ್ಕ ಬರ್ಲಿ” ಅಂದೆ.

ಬೆಳಿಗ್ಗೆ ಅವನು ಹೊಸ್ತಿಲ ಮೇಲೆ ಕೂತ. ಐದು ವರ್ಷ ಕಿಟಕಿಯಿಂದ ನೋಡಿದ ಕೋಣೆಯ ಬಾಗಿಲಿಗೆ ಬೆನ್ನು ಆನಿಸಿ, ಕಾಲು ಚಾಚಿ ಕೂತಿದ್ದ. ಪೊಲೀಸರು ಬಂದು ನಿಂತರು. ಮುಂದೆ ಕಾಲಿಡುವವನಿಲ್ಲ.

“ಏಳಲೇ ಮಾದಿಗ ಸೂಳೆಮಗನ!” ಅಂತ ದಫೇದಾರ ಮರಿಬಸಪ್ಪ ಅರಚಿದ.

“ಎಬ್ಬಿಸ್ರಿ ದಫೇದಾರ್ರ. ಬಂದು ರಟ್ಟಿ ಹಿಡದು ಎಬ್ಬಿಸ್ರಿ.”

ಒಳಗಿನ ಹುಡುಗರು ಹೋ ಅಂತ ನಕ್ಕರು. ಹುಲುಗಪ್ಪನೂ ನಕ್ಕ. ದೊಡ್ಡವರ ಎದುರಿಗೆ ಅವನು ಹಲ್ಲು ಬಿಟ್ಟು ನಕ್ಕಿದ್ದನ್ನು ನಾನು ಹೆತ್ತ ಮೇಲೆ ಅವತ್ತೇ ಕಂಡದ್ದು. ಪೊರಕೆ ಹಿಡಿದು ಬೇವಿನ ಗಿಡದ ಕೆಳಗೆ ನಿಂತಿದ್ದೆ. ಹೊಟ್ಟೆ ತಣ್ಣಗಾಯಿತು.

ಮರಿಬಸಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದ. ಹೋದ ಅಂದುಕೊಂಡೆ. ಅವನು ಲಾಠಿ ಬೀಸಿ ಎಸೆದ, ಮರದ ಮೇಲಿನ ಕಾಯಿಗೆ ಎಸೆಯುವ ಹಾಗೆ. ಅದು ಹುಲುಗಪ್ಪನ ಭುಜಕ್ಕೆ ಬಿತ್ತು. ದಫೇದಾರನನ್ನು ನೋಡಿ ಉಳಿದ ಪೊಲೀಸರೂ ಎಸೆದರು. ಮೂರನೆಯದು ಕಪಾಳದ ಮೇಲೆ, ಕಣ್ಣಿನ ಪಕ್ಕಕ್ಕೆ. ಹುಡುಗರು ಹಿತ್ತಲ ಬಾಗಿಲಿನಿಂದ ಓಡಿಹೋದರು, ಜಯತೀರ್ಥನೂ. ಹುಲುಗಪ್ಪನನ್ನು ಎತ್ತುವವರಿಲ್ಲ. ನಾನೇ ಹೊತ್ತೆ. ಆಸ್ಪತ್ರೆಯ ಕಂಪೌಂಡರ ದೂರದಿಂದ ಹತ್ತಿ ಎಸೆದ. ಮೂರನೆಯ ದಿನ ಮಟಮಟ ಮಧ್ಯಾಹ್ನ ಜೀವ ಹೋಯಿತು.

ನಾನು ಹೊಸ್ತಿಲು ತಿಕ್ಕಿ ಮುಗಿಸುವ ಹೊತ್ತಿಗೆ ಸಾವಿನ ವಿಚಾರಣೆಗೆ ತಾಸೀಲ್ದಾರ ಬಂದ. ಸಾಲೆಯ ಪಡಸಾಲೆಯಲ್ಲೇ ಮೇಜು ಹಾಕಿಸಿದರು. ನಾನು ಅಂಗಳದಲ್ಲಿ, ಬಿಸಿಲಲ್ಲಿ. ಗುಮಾಸ್ತ ಓದಿದ: ಸದರಿ ಹುಲುಗ ಎಂಬುವನು ಗಲಾಟೆಯಲ್ಲಿ ಕಾಲು ಜಾರಿ ಕಲ್ಲಿನ ಮೇಲೆ ಬಿದ್ದು ಪೆಟ್ಟಾಗಿ ಸತ್ತಿರುತ್ತಾನೆ.

“ಹೌದೇನಪಾ?” ಅಂತ ತಾಸೀಲ್ದಾರ ಜಯತೀರ್ಥನನ್ನು ಕೇಳಿದ.

ಪಕ್ಕದಲ್ಲಿ ಅವನ ಅಪ್ಪ, ಆ ವಕೀಲ, ಇದ್ದ. ಹುಡುಗ ನನ್ನನ್ನು ನೋಡಿದ, ತಲೆ ತಗ್ಗಿಸಿದ. “ನಾ ಒಳಗ ಹಿಂದಿದ್ದೆರೀ. ನೋಡ್ಲಿಲ್ಲ.”

ಥೂ ಅನ್ನಬೇಕೆನಿಸಿತು. ಬಾಯಿ ಒಣಗಿತ್ತು.

“ಇಗ ಸುಂಕಿ, ಇಲ್ಲೊಂದು ಗೀಟು ಎಳಿ. ತಾಯಿ ಒಪ್ಯಾಳ ಅಂತ ಆಗಬೇಕು.” ಗುಮಾಸ್ತ ಕಾಗದವನ್ನೂ ಲೇಖಣಿಯನ್ನೂ ಮೆಟ್ಟಿಲ ಕೆಳಗೆ ಒಗೆದ.

“ಯವ್ವಾ, ಏನಂತ ಬರದ್ರಬೇ?” ಕಿವಿಯಲ್ಲೇ ಕೇಳಿದ, ಉಸಿರು ತಾಗುವಷ್ಟು ಹತ್ತಿರದಿಂದ.

ಕಾಗದ ಎತ್ತಿಕೊಂಡೆ, ಲೇಖಣಿ ಎತ್ತಿಕೊಂಡೆ, ಮೆಟ್ಟಿಲು ಹತ್ತಿದೆ.

“ಏ! ಏ! ಎಲ್ಲಿ ಬಂದಿ ಬೋಸುಡಿ!” ಗುಮಾಸ್ತ ಗೋಡೆಗೆ ಸರಿದ. ವಕೀಲ ಪಂಚೆ ಎತ್ತಿ ಹಾರಿದ. ಪೊಲೀಸರು ಎರಡೂ ಕಡೆ ಸರಿದು ದಾರಿ ಬಿಟ್ಟರು. ಕಾಗದವನ್ನು ಮೇಜಿನ ಮೇಲೆ ಇಟ್ಟೆ, ತಾಸೀಲ್ದಾರನ ಬೆರಳ ಸಂದಿಗೆ ಲೇಖಣಿ ತುರುಕಿ ಅವನ ಮುಂಗೈಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದೆ. ಮೆತ್ತಗಿತ್ತು ಆ ಕೈ. ನನ್ನ ಬೆರಳಲ್ಲಿ ಇನ್ನೂ ಬೂದಿ ಇತ್ತು.

“ಬರಿ,” ಅಂದೆ.

“ಬಿಡಲೇ! ಎಳೀರಲೇ ಇವಳ್ನ!”

ಒಬ್ಬನೂ ಬರಲಿಲ್ಲ. ಮರಿಬಸಪ್ಪ ನಾಲ್ಕು ಹೆಜ್ಜೆ ಹಿಂದೆ ಹೋಗಿ ಲಾಠಿ ಎತ್ತಿದ.

“ಬ್ಯಾಡೋ ಮೂರ್ಖ! ನನಗ ಬಡೀತೈತಿ!” ತಾಸೀಲ್ದಾರ ಕಿರುಚಿದ. ಲಾಠಿ ಮೇಲೆಯೇ ನಿಂತಿತು.

“ಪೊಲೀಸ್ರು ಕೋಲು ಒಗದು ಕೊಂದ್ರು ಅಂತ ಬರಿ. ಹುಲುಗ ಅಲ್ಲ, ಹುಲುಗಪ್ಪ ಅಂತ ಪೂರ್ತಿ ಬರಿ. ನಂಗ ಓದಾಕ ಬರಂಗಿಲ್ಲ, ಖರೆ. ಈ ಹುಡುಗನ ಕಡಿಂದ ಓದಿಸ್ತೀನಿ.”

ಜಯತೀರ್ಥ ಗೋಡೆಗೆ ಒರಗಿ ಅಳುತ್ತಿದ್ದ. ತಾಸೀಲ್ದಾರನ ಲೇಖಣಿಯಿಂದ ಶಾಯಿ ಕಾಗದದ ಮೇಲೆ ತೊಟ್ಟಿಕ್ಕಿತು, ಅಕ್ಷರ ಮಾತ್ರ ಮೂಡಲಿಲ್ಲ. ನನಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಇನ್ನಷ್ಟು ಬಿಗಿಯಾಗಿ ಹಿಡಿದೆ.