ರಾಕ್ಷಸನಿಗೆ ಊಟ ಹಾಕಿದ್ದು ಯಾರು

ಅಜ್ಜಿಯ ಕಥೆಯ ರಾಕ್ಷಸನ ಪ್ರಾಣ ಅವನ ಮೈಯಲ್ಲಿರುತ್ತಿರಲಿಲ್ಲ. ಎಲ್ಲೋ ಒಂದು ಗಿಳಿಯಲ್ಲಿರುತ್ತಿತ್ತು. ಗಿಳಿಯ ಕತ್ತು ಹಿಸುಕಿದರೆ ಅವನು ದೊಪ್ಪನೆ ಬೀಳುತ್ತಿದ್ದ. ಅಜ್ಜಿ ತುತ್ತು ಇಡುತ್ತ ಹೇಳುತ್ತಿದ್ದಳು, ನಾನು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು.

ಅಜ್ಜಿ ಹೋದ ಮೇಲೆ ನಾನು ಹಿಡಿದ ಕೆಲಸವೂ ಗಿಳಿ ಹುಡುಕುವುದೇ. ಯಾವ ಔಷಧಿಗೂ ಜಗ್ಗದ ಒಂದು ಬ್ಯಾಕ್ಟೀರಿಯಾ. ಅದರೊಳಗೆ, ಅದಕ್ಕೆ ಬೇಕಾದ ಜೀವಸತ್ವವನ್ನು ಅಡುಗೆಯವನ ಹಾಗೆ ತಯಾರಿಸಿಕೊಡುವ ಒಂದು ಕಿಣ್ವ. ಆ ಕಿಣ್ವವನ್ನು ತಡೆದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಹೊಸ ಔಷಧಿಗೆ ಗುರಿ ಅದೇ ಎಂದು ನಂಬಿದ್ದೆ.

ಕಿಣ್ವದ ಜೀನನ್ನು ಕತ್ತರಿಸಿ ತೆಗೆದು, ಬ್ಯಾಕ್ಟೀರಿಯಾವನ್ನು ಜೆಲ್ಲಿ ಹುಯ್ದ ತಟ್ಟೆಗೆ ಸವರಿ, ಬೆಚ್ಚಗಿರಲೆಂದು ಇನ್‌ಕ್ಯುಬೇಟರಿನಲ್ಲಿಟ್ಟೆ. ಮರುದಿನ ನೋಡಿದರೆ ತಟ್ಟೆ ತುಂಬ ಸುಣ್ಣ ಚಿಮುಕಿಸಿದ ಹಾಗೆ ಬೆಳೆದು ಕೂತಿದೆ.

ಲ್ಯಾಬಿನಲ್ಲಿ ಪಕ್ಕದ ಮೇಜಿನ ಅಕ್ಕ, ನನ್ನ ಗಿಳಿಯ ಕಥೆ ಕೇಳಿದ್ದವಳು, ಇಣುಕಿದಳು. "ಏನಮ್ಮಾ, ಗಿಳಿ ಸತ್ತರೂ ನಿನ್ನ ರಾಕ್ಷಸ ಗುಂಡುಕಲ್ಲಿನ ಹಾಗಿದ್ದಾನಲ್ಲ?"

ಅವಳಿಗೆ ನಗು, ನಾನು ತಟ್ಟೆಯ ಮುಚ್ಚಳ ಮುಚ್ಚಿದೆ. ನನ್ನ ಗೈಡ್ ಸರ್ ಬೈಯಲಿಲ್ಲ. ಸೋಮವಾರದೊಳಗೆ ಬೇರೇನೂ ತೋರಿಸದಿದ್ದರೆ ಈ ಕಿಣ್ವವನ್ನು ಕೈಬಿಡೋಣ ಎಂದಷ್ಟೇ ಹೇಳಿ ಹೋದರು.

ಸಂಜೆ ಕೋಣೆಗೆ ಬಂದು, ಕೆಳಗಿನ ಅಂಗಡಿಯಿಂದ ತಂದ ಊಟದ ಪೊಟ್ಟಣ ಬಿಚ್ಚಿದೆ. ಒಬ್ಬಳಿಗೆಂದು ಅಡುಗೆ ಮಾಡಲು ಬೇಸರ. ಒಲೆಯ ಮೇಲೆ ಧೂಳು ಕೂತಿತ್ತು. ಅದನ್ನೇ ನೋಡುತ್ತ ಅಗಿಯುತ್ತಿದ್ದವಳು ತಟ್ಟನೆ ನಿಲ್ಲಿಸಿದೆ. ಒಲೆ ಹಚ್ಚದೆ ನಾನು ಬದುಕಿಲ್ಲವೇ? ಅಂಗಡಿಯವರು ಕೊಡುತ್ತಾರೆ, ತಿನ್ನುತ್ತೇನೆ. ಹಾಗಾದರೆ ನನ್ನ ರಾಕ್ಷಸನಿಗೂ ಯಾರೋ ಊಟ ಹಾಕಿದ್ದಾರೆ.

ನಾನೇ. ಅಭ್ಯಾಸಬಲದಿಂದ ತಟ್ಟೆಯ ಜೆಲ್ಲಿಗೆ ಬೆರೆಸಿದ್ದು ಯೀಸ್ಟಿನ ಸಾರ. ಅದರಲ್ಲಿ ಬೇಕಾದಷ್ಟು ಅದೇ ಜೀವಸತ್ವ. ಆದರೆ ಬ್ಯಾಕ್ಟೀರಿಯಾ ರೋಗ ತರುವುದು ಮನುಷ್ಯರ ರಕ್ತದಲ್ಲಿ, ಅಲ್ಲಿ ಆ ಜೀವಸತ್ವ ಇರುವುದೇ ಚಿಟಿಕೆಯಷ್ಟು.

ಮರುದಿನ ಯೀಸ್ಟು ಬಿಟ್ಟು, ಮನುಷ್ಯರ ರಕ್ತದ ತಿಳಿಯಾದ ಸೀರಮ್ ಬೆರೆಸಿ ಹೊಸ ತಟ್ಟೆ ಮಾಡಿದೆ. ನಡುವೆ ಗೆರೆ ಎಳೆದು, ಒಂದು ಕಡೆ ಕಿಣ್ವವಿರುವ ಬ್ಯಾಕ್ಟೀರಿಯಾ, ಇನ್ನೊಂದು ಕಡೆ ಇಲ್ಲದ್ದು ಸವರಿದೆ.

ಭಾನುವಾರ ಲ್ಯಾಬಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆಯ ಆಚೆ, ಕಿಣ್ವವಿದ್ದ ಕಡೆ, ದಟ್ಟವಾಗಿ ಬೆಳೆದಿತ್ತು. ಈಚೆ, ಕಿಣ್ವವಿಲ್ಲದ ಕಡೆ, ಬೋಳು, ಒಂದು ಚುಕ್ಕೆಯೂ ಇಲ್ಲ.

ಸರ್‌ಗೆ ಫೋಟೊ ಕಳಿಸಿದೆ. ಕೈಬಿಡುವುದು ಬೇಡ, ಇನ್ನೊಮ್ಮೆ ಮಾಡಿ ನೋಡು ಎಂದು ಉತ್ತರ ಬಂತು. ಅಕ್ಕನಿಗೂ ಕಳಿಸಿದೆ, ಅವಳು ನೋಡಲಿಲ್ಲ. ಆಮೇಲೆ ಯಾರಿಗೆ ಕಳಿಸುವುದೆಂದು ಹೊಳೆಯಲಿಲ್ಲ.

ಸ್ಟೂಲು ಎಳೆದುಕೊಂಡು ಇನ್‌ಕ್ಯುಬೇಟರಿನ ಮುಂದೆ ಕೂತೆ.

"ಒಂದೂರಲ್ಲಿ ಒಬ್ಬ ರಾಕ್ಷಸ ಇದ್ದ," ಎಂದೆ. "ಅವನಿಗೆ ಅಡುಗೆ ಬರುತ್ತಿರಲಿಲ್ಲ."

ಅದರ ಮೋಟಾರು ಹೂಂಗುಟ್ಟುವ ಹಾಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ನಾನು ಹೇಳುತ್ತ ಹೋದೆ. ಬೇಕಾದಷ್ಟು ಬೆಚ್ಚಗಾದ ಮೇಲೆ ಅದು ಸುಮ್ಮನಾಯಿತು.

ನಾನೂ ಅಲ್ಲಿಗೇ ನಿಲ್ಲಿಸಿದೆ.