ಚಕ್ಕುಲಿ ಕರಿದ ಎಣ್ಣೆ

"ಕೈ ಇಟ್ಟು ನೋಡು ಮಾರಾಯ್ತಿ, ಬಿಸಿ ಆಯ್ತಾ?" ಬಾನೆಟ್ಟಿನ ಹಿಂದಿನಿಂದ ಲೋಕನಾಥ ಕೂಗಿದ.

ಪ್ರಫುಲ್ಲಾ ತೆರೆದ ಡಿಕ್ಕಿಯೊಳಗೆ ಬಗ್ಗಿ ತಾಮ್ರದ ಕೊಳವೆ ಮುಟ್ಟಿದಳು. ಚುರ್ರೆಂದಿತು. "ಆಯ್ತು, ಆಯ್ತು! ಕೈ ಸುಟ್ಟಿತು," ಎಂದವಳಿಗೆ ಬೆರಳು ಉರಿಯುತ್ತಿದ್ದರೂ ನಗು ಬಂತು. ಹೋಟೆಲುಗಳ ಅಡುಗೆಮನೆಗೆ ಗ್ಯಾಸಿನ ಪೈಪು, ಬಾಯ್ಲರು ಕೂರಿಸುವ ಗಂಡ ಇಷ್ಟು ವರ್ಷ ತನ್ನ ಪಾನಾ, ಪಕ್ಕಡಿನಂಥ ಹತ್ಯಾರು ಮುಟ್ಟಲು ಅವಳನ್ನು ಬಿಟ್ಟವನಲ್ಲ. ಈ ಹಳೆ ಡೀಸೆಲ್ ಅಂಬಾಸಿಡರ್ ಅವರು ವಾಸವಿದ್ದ ಕೋಪರಿ ಬಡಾವಣೆಯ ಕಟ್ಟಡದ ಅಂಗಳಕ್ಕೆ ಬಂದ ಮೇಲೆ ಭಾನುವಾರಗಳು ಇಬ್ಬರದೂ ಆಗಿದ್ದವು.

ಊರಿಗೆ ಊರೇ ನ್ಯಾನೋ ಕಾರಿಗಾಗಿ ಬಾಯಿ ಬಿಟ್ಟು ಕಾಯುತ್ತಿದ್ದ ಕಾಲ ಅದು. ಲೋಕನಾಥನ ತಲೆಗೆ ಹೊಕ್ಕ ಹುಳವೇ ಬೇರೆ. ಕರಿದ ಎಣ್ಣೆಯಲ್ಲಿ ಕಾರು ಓಡಿಸಬೇಕು! ಡಿಕ್ಕಿಯಲ್ಲಿ ಎಣ್ಣೆಯ ಟ್ಯಾಂಕು, ಅದರೊಳಗೆ ಸುರುಳಿ ಸುತ್ತಿದ ತಾಮ್ರದ ಕೊಳವೆ. ಇಂಜಿನ್ನಿನ ಬಿಸಿನೀರು ಆ ಕೊಳವೆಯಲ್ಲಿ ಹರಿದು ಎಣ್ಣೆಯನ್ನು ತೆಳ್ಳಗಾಗಿಸಬೇಕು. ಹೊರಡುವುದು ಡೀಸೆಲ್ಲಿನಲ್ಲಿ, ಎಣ್ಣೆ ಬಿಸಿಯಾದ ಮೇಲೆ ನಲ್ಲಿ ತಿರುಗಿಸಿದರೆ ಎಣ್ಣೆಯಲ್ಲಿ. ಕಾರು ನಿಲ್ಲಿಸುವ ಸ್ವಲ್ಪ ಮೊದಲು ಮರೆಯದೆ ಮತ್ತೆ ಡೀಸೆಲ್ಲಿಗೆ ತಿರುಗಿಸಬೇಕು. ಇಲ್ಲದಿದ್ದರೆ ಎಣ್ಣೆ ಇಂಜಿನ್ನಿನ ಪೈಪಿನಲ್ಲೇ ತಣ್ಣಗಾಗಿ ಕೂತುಬಿಡುತ್ತದೆ, ಗಾಡಿ ಏಳುವುದಿಲ್ಲ. ಆ ಹಿತ್ತಾಳೆಯ ನಲ್ಲಿಯನ್ನು ಅವನು ಎಡಗಡೆ ಕೂರುವವರ ಮೊಣಕಾಲಿನ ಹತ್ತಿರ ಕೂರಿಸಿದ್ದ. "ಇದು ನಿನ್ನ ಡ್ಯೂಟಿ," ಎಂದಿದ್ದ. ಪ್ರಫುಲ್ಲಾ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯುವಂತೆ ಮಾಡಿದ್ದಳು.

ಕೈ ಸುಟ್ಟ ಖುಷಿಯಲ್ಲೇ ಅವಳು ಒಳಗೆ ಓಡಿ, ತಿಂಗಳುಗಟ್ಟಲೆ ಸೋಸಿ ಕೂಡಿಟ್ಟ ಎಣ್ಣೆಯ ಡಬ್ಬಿ ತಂದಳು. ಲೋಕನಾಥ ಒಂದು ಹನಿ ಬೆರಳಲ್ಲಿ ತಿಕ್ಕಿ ನೋಡಿದ.

"ಇದು ಆಗ್ಲಿಕ್ಕಿಲ್ಲ. ಎಷ್ಟು ಸಲ ಕರ್ದಿದ್ದಿ ಇದ್ರಲ್ಲಿ? ಡಾಂಬರಿನ ಹಾಗೆ ಉಂಟು. ದಮಯಂತಿಯ ಎಣ್ಣೆ ನೋಡ್ಬೇಕು ನೀನು. ಜೇನು, ಜೇನು!"

ಎಣ್ಣೆ ಚೆಲ್ಲಬೇಡ, ಪೂರಿ ಕರಿದದ್ದರಲ್ಲೇ ಹಪ್ಪಳ ಕರಿ ಎಂದು ಮದುವೆಯಾದಂದಿನಿಂದ ಹೇಳುತ್ತ ಬಂದವನು ಇವನೇ. ದಮಯಂತಿ ಡೊಂಬಿವಲಿಯಲ್ಲಿ ಚಕ್ಕುಲಿ ಕರಿದು ಮಾರುವವಳು. ಗಂಡ ಹಡಗಿನ ಕೆಲಸದವನು, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಅವಳ ದೊಡ್ಡ ಒಲೆ ಕೂರಿಸಿಕೊಟ್ಟದ್ದು ಲೋಕನಾಥ. ಅವಳು 'ಲೋಕಣ್ಣ' ಎಂದು ಅಣ್ಣನನ್ನು ಸೇರಿಸಿಯೇ ಕರೆಯುತ್ತಿದ್ದಳು. ಆದರೆ ಇವನ ಬಾಯಲ್ಲಿ ಬರೀ 'ದಮಯಂತಿ'. ಅದನ್ನು ಪ್ರಫುಲ್ಲಾ ಎಣ್ಣೆಯ ಮಾತಿಗಿಂತ ಮೊದಲೇ ಗಮನಿಸಿದ್ದಳು.

ಅಂದಿನಿಂದ ಕಾರು ಓಡಿದ್ದು ದಮಯಂತಿಯ ಎಣ್ಣೆಯಲ್ಲೇ. ಹೊಗೆಯೆಲ್ಲ ಎಳ್ಳು, ಓಮದ ಪರಿಮಳ. "ಮಮ್ಮಿ, ಪಪ್ಪಾ ಆ ಗಯೇ, ಚಕಲಿ ಕಾ ಸ್ಮೆಲ್ ಆಯಾ!" ಎಂದು ಮಗಳು ಅಮಿತಾ ಚಕ್ಕುಲಿಯ ವಾಸನೆಗೇ ಅಪ್ಪ ಬಂದನೆಂದು ಗುರುತಿಸಿ ಕಿಟಕಿಗೆ ಓಡುತ್ತಿದ್ದಳು. ಪ್ರಫುಲ್ಲಾ ಗಂಡನ ಅಂಗಿಯನ್ನು ಎರಡೆರಡು ಸಲ ಸೋಪು ಹಾಕಿ ಒಗೆದಳು. ವಾಸನೆ ಹೋಗಲಿಲ್ಲ. ತನ್ನ ಗಂಡ ಇನ್ನೊಬ್ಬಳ ಅಡುಗೆಮನೆಯ ಘಮ ಹೊತ್ತು ಮನೆಗೆ ಬರುತ್ತಾನಲ್ಲ ಎಂದು ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಡಿಸೆಂಬರಿನ ಒಂದು ಭಾನುವಾರ ದಮಯಂತಿ ಇಬ್ಬರನ್ನೂ ಊಟಕ್ಕೆ ಕರೆದಳು. ಅಮಿತಾಳನ್ನು ನೆರೆಮನೆಯಲ್ಲಿ ಬಿಟ್ಟು ಹೊರಟರು. ಡೊಂಬಿವಲಿಯವರೆಗೂ ಪ್ರಫುಲ್ಲಾ ತನ್ನ ಡ್ಯೂಟಿಯನ್ನು ಸರಿಯಾಗಿಯೇ ಮಾಡಿದಳು. ದಮಯಂತಿಯ ಕಟ್ಟಡದ ಗಲ್ಲಿ ಬಂದಾಗ ಲೋಕನಾಥ ಕನ್ನಡಿಗೆ ಮುಖ ಒಡ್ಡಿ, ಜೇಬಿನ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ.

"ಹಾಂ, ಡೀಸೆಲ್ಲಿಗೆ ತಿರುಗಿಸು."

ಪ್ರಫುಲ್ಲಾ ನಲ್ಲಿಯ ಮೇಲೆ ಕೈ ಇಟ್ಟಳು. ಬಾಚಣಿಗೆಯನ್ನು ನೋಡಿದಳು. "ತಿರುಗಿಸಿದೆ," ಎಂದಳು.

"ಅಂತೂ ಬಂದ್ರಲ್ಲ ಪ್ರಫುಲ್ಲಕ್ಕ!" ದಮಯಂತಿ ಬಾಗಿಲಲ್ಲೇ ಕೈ ಹಿಡಿದಳು. ಊಟವಾಗಿ, ಹರಟೆಯಾಗಿ, ಸಂಜೆಯ ಚಹಾಕ್ಕೆ ಚಕ್ಕುಲಿ ಬಂತು. "ಲೋಕಣ್ಣನಿಗೆ ಈ ಮೆತ್ತಗಿನದ್ದು. ಆ ಎಡಗಡೆ ಹಲ್ಲು ನೋವು ಇನ್ನೂ ಉಂಟಲ್ವಾ?"

ಹಲ್ಲು ನೋವಿನ ಸುದ್ದಿ ಪ್ರಫುಲ್ಲಾಳಿಗೆ ಗೊತ್ತೇ ಇರಲಿಲ್ಲ. ನಲ್ಲಿ ತಿರುಗಿಸದೆ ಬಿಟ್ಟದ್ದೇ ಒಳ್ಳೆಯದಾಯಿತು ಎಂದುಕೊಂಡಳು. ಈ ಜೇನಿನಂಥ ಎಣ್ಣೆ ಇವಳ ಮನೆ ಬಾಗಿಲಲ್ಲೇ ಕೈ ಕೊಡಲಿ.

ಕತ್ತಲಾಗುವಾಗ ಹೊರಟರು. ಕಾರು ಗುರ್ ಗುರ್ ಎಂದಿತೇ ಹೊರತು ಏಳಲಿಲ್ಲ. ಲೋಕನಾಥ ಬಗ್ಗಿ ಟಾರ್ಚು ಬಿಟ್ಟ. ಫಳಫಳ ಹೊಳೆಯುವ ನಲ್ಲಿ ಎಣ್ಣೆಯ ಕಡೆಗೇ ಇತ್ತು. ಅವನು ತಲೆಯೆತ್ತಿ ಹೆಂಡತಿಯ ಮುಖ ನೋಡಿದ.

"ಎಂತ ಆಯ್ತು ಲೋಕಣ್ಣ?"

"ಏನಿಲ್ಲ. ಡೀಸೆಲ್ಲಿಗೆ ತಿರುಗಿಸ್ಲಿಕ್ಕೆ ನಾನೇ ಮರ್ತೆ," ಎಂದ.

ಹೆಂಡತಿಯ ಮರ್ಯಾದೆ ಉಳಿಸಲು ಹೇಳಿದನೋ, ದಮಯಂತಿಯ ಮನಸ್ಸಿಗೆ ನೋವಾಗದಿರಲಿ ಎಂದು ಹೇಳಿದನೋ ಪ್ರಫುಲ್ಲಾಳಿಗೆ ತಿಳಿಯಲಿಲ್ಲ. ದಮಯಂತಿ ಓಡಿಹೋಗಿ ಕುದಿನೀರಿನ ಪಾತ್ರೆ ತಂದಳು. ಇಂಜಿನ್ನಿನ ಪೈಪಿಗೆ ಬಟ್ಟೆ ಸುತ್ತಿ ಲೋಕನಾಥ ನೀರು ಸುರಿದ. ಒಂದೇ ಟಾರ್ಚಿನ ಬೆಳಕಿಗೆ ಇಬ್ಬರೂ ಬಗ್ಗಿದ್ದರು. ಪ್ರಫುಲ್ಲಾ ಚಕ್ಕುಲಿಯ ಡಬ್ಬಿ ಹಿಡಿದುಕೊಂಡು ಒಂದು ಬದಿಗೆ ನಿಂತಿದ್ದಳು.

"ಕೈ ಇಟ್ಟು ನೋಡು ದಮಯಂತಿ, ಬಿಸಿ ಆಯ್ತಾ?"

"ಅಯ್ಯೋ, ಸುಟ್ಟಿತು!" ದಮಯಂತಿ ಬೆರಳು ಕೊಡವಿ ನಕ್ಕಳು.

ಪೈಪಿನ ಎಣ್ಣೆಯನ್ನು ಹೊರಗೆ ಬಿಟ್ಟು, ಡೀಸೆಲ್ ತುಂಬಿಸಿದ ಮೇಲೆ ಕಾರು ಎದ್ದಿತು. ಲೋಕನಾಥ ಮನೆಯ ಕಡೆಗೆ ಶಿಳಫಾಟಾದ ರಸ್ತೆ ಹಿಡಿದ. ಬೈದಿದ್ದರೆ ಅವಳು ಹಲ್ಲು ನೋವಿನ ವಿಷಯ ಕೇಳುತ್ತಿದ್ದಳು, ಬಾಚಣಿಗೆಯದನ್ನೂ ಕೇಳುತ್ತಿದ್ದಳು. ಅವನು ಬೈಯಲಿಲ್ಲ. ಇಂಜಿನ್ ಕಾದು, ಎಣ್ಣೆಗೆ ತಿರುಗಿಸುವ ಹೊತ್ತಾಯಿತು. ಪ್ರಫುಲ್ಲಾ ನಲ್ಲಿಯ ಹತ್ತಿರ ಕೈ ಇಟ್ಟುಕೊಂಡು ಅವನು ಹೇಳುವುದನ್ನೇ ಕಾಯುತ್ತ ಕುಳಿತಳು.

ಲೋಕನಾಥ ರಸ್ತೆಯಿಂದ ಕಣ್ಣು ತೆಗೆಯದೆ ಎಡಕ್ಕೆ ವಾಲಿ, ನಲ್ಲಿಗೆ ತಾನೇ ಕೈ ಚಾಚಿದ. ಅವಳು ಮೊಣಕಾಲು ಸರಿಸಿ ಅವನ ಕೈಗೆ ಜಾಗ ಬಿಟ್ಟಳು.