ಅಣ್ಣನ ವಿಶ್ರಾಂತಿ

ನಮ್ಮಣ್ಣ ವಿಷ್ಣುಮೂರ್ತಿ ಮದರಾಸಿನ ಹೋಟೆಲಿನಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತರೆ ಇಡೀ ದಿನದ ಇಡ್ಲಿ ಹಿಟ್ಟನ್ನು ಒಬ್ಬನೇ ಮುಗಿಸುತ್ತಿದ್ದ. ಸಾಲದ್ದಕ್ಕೆ ಸಂಜೆ ಮಹಡಿಯ ಮೇಲೆ ದಂಡ, ಬಸ್ಕಿ ಬೇರೆ. ಅವನ ತಮ್ಮ ಶೀನ ನಾನು, ಅದೇ ಹೋಟೆಲಿನ ಸಪ್ಲೈಯರ್. ಸಾಂಬಾರಿನ ಬಕೆಟು ಎತ್ತಿದರೆ ಏದುಸಿರು. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಹೆಮ್ಮೆ ಎರಡೂ.

ಐವತ್ತಾರನೇ ಇಸವಿಯಲ್ಲಿ ಅವನಿಗೆ ಕ್ಷಯ ತಗುಲಿತು, ಅದೂ ಹೇಳಿಕೊಳ್ಳಲಾಗದ ಜಾಗಕ್ಕೆ. ವೃಷಣಗಳೆರಡನ್ನೂ ತೆಗೆದರು. ಊರಿನವರಿಗೆ ಹರ್ನಿಯಾ ಎಂದೆವು. ಅಣ್ಣ ಗುಣವಾದ, ಆದರೆ ಗಡ್ಡ ತೆಳುವಾಯಿತು, ತೋಳು ಇಳಿಯಿತು. ರತ್ನಾವತಿ ಅತ್ತಿಗೆ ಹೆದರಿಬಿಟ್ಟರು. ಹೋಟೆಲಿನ ಧಣಿಗಳ ಕಾಲು ಹಿಡಿದು ಗಂಡನನ್ನು ಗಲ್ಲಾದಲ್ಲಿ ಕೂರಿಸಿದರು. ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲೂ ಅವನು ನೀರಿನ ಕೊಡ ಮುಟ್ಟುವಂತಿಲ್ಲ, ಬಸ್ಕಿಯ ಮಾತೆತ್ತುವಂತಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಅವನೇ ಮಗುವಾದ. ಅಂಥ ಪ್ರೀತಿಯನ್ನು ಬೈಯುವುದಾದರೂ ಹೇಗೆ?

ಅರವತ್ತಮೂರರಲ್ಲಿ ಒಂದು ಬೆಳಿಗ್ಗೆ, ಬಿದ್ದ ಕೊಡೆ ಎತ್ತಲು ಬಗ್ಗಿದವನು ಮೇಲೇಳಲಿಲ್ಲ. ಬೆನ್ನುಮೂಳೆ ಕುಸಿದಿತ್ತು. ಆಸ್ಪತ್ರೆಗೆ ನಾನೇ ಕರೆದೊಯ್ದೆ. ಗಂಡಸಿನ ಹಾರ್ಮೋನು ನಿಂತರೆ ಮೂಳೆ ಸವೆಯುತ್ತದೆ, ಮೈ ದುಡಿಯದಿದ್ದರೆ ಇನ್ನೂ ಬೇಗ ಸವೆಯುತ್ತದೆ ಎಂದರು ಡಾಕ್ಟರು. ರುಬ್ಬುವುದನ್ನು ಬಿಡಿಸಿದ್ದು ಯಾರು ಎಂದು ಕೇಳಿದರು. ಧಣಿಗಳು ಗಲ್ಲಾಕ್ಕೆ ಹಾಕಿದರು ಎಂದ ಅಣ್ಣ. ಇನ್ನು ಮೇಲೆ ಹಾರ್ಮೋನಿನ ಇಂಜೆಕ್ಷನ್ನು ಬೇಕು, ನೋವು ತಗ್ಗಿದ ಕೂಡಲೇ ಎದ್ದು ನಡೆಯಬೇಕು, ಮಲಗಿಯೇ ಇದ್ದರೆ ಉಳಿಯುವುದು ಕಷ್ಟ ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು.

ಹೊರಗೆ ಬಂದಾಗ ಅಣ್ಣ ನನ್ನ ಕೈ ಹಿಡಿದ. "ಕೂರಿಸಿದ್ದರಿಂದ ಹೀಗಾಯ್ತು ಅಂತ ಅವಳಿಗೆ ಗೊತ್ತಾಗ್ಬಾರ್ದು ಮಾರಾಯ. ತಡ್ಕೊಳ್ಳಿಕ್ಕಿಲ್ಲ ಅವಳು."

ಕೆಲವು ವಾರಗಳ ಮೇಲೆ ಅವನನ್ನು ಎಬ್ಬಿಸಿ ನಡೆಸಲು ಹೋದೆ. ಅತ್ತಿಗೆ ಅಡ್ಡ ನಿಂತರು.

"ಮುರಿದ ಬೆನ್ನಲ್ಲಿ ನಡೀಬೇಕಂತಾ? ಆ ಡಾಕ್ಟ್ರಿಗೆ ಮಂಡೆ ಸಮ ಉಂಟಾ? ನಾನು ಕೂರಿಸಿ ಸಾಕಿದ್ದಕ್ಕೆ ಇಷ್ಟಾದ್ರೂ ಉಳಿದಿದ್ದಾರೆ."

ನನಗೆ ಪಿತ್ತ ನೆತ್ತಿಗೇರಿತು. ಎಲ್ಲವನ್ನೂ ಹೇಳಿಬಿಡುವವನಿದ್ದೆ. ಅಣ್ಣ ನನ್ನನ್ನೇ ನೋಡುತ್ತಿದ್ದ. ಅವಳು ಹೇಳುವುದೇ ಸರಿ, ಇನ್ನೂ ನೋವಿದೆ ಎಂದು ಗೋಡೆಯ ಕಡೆ ತಿರುಗಿ ಮಲಗಿದ. ನೋವು ಹೋಯಿತೆಂದು ಬೆಳಿಗ್ಗೆ ತಾನೇ ನನಗೆ ಹೇಳಿದ್ದ.

ಇಂಜೆಕ್ಷನ್ನು ತಪ್ಪಿಸಲಿಲ್ಲ, ಆದರೆ ಅದೊಂದೇ ಸಾಲಲಿಲ್ಲ. ಮರುವರ್ಷ ಕಾರ್ತಿಕದ ಮಳೆಯಲ್ಲಿ, ಮಲಗಿದಲ್ಲೇ ಎದೆಗೆ ಕಫ ಕಟ್ಟಿ ಹೋದ. ನನ್ನ ಸಂಕಟಕ್ಕೆ ಅಳುವೂ ಬರಲಿಲ್ಲ.

ನೋಡಲು ಬಂದವರೆದುರು ಅತ್ತಿಗೆ ನನ್ನ ಕಡೆ ತಿರುಗಿದರು. "ನೆಲಕ್ಕೆ ಕಾಲು ತಾಗ್ಲಿಕ್ಕೆ ಬಿಡ್ಲಿಲ್ಲ ನಾನು. ಅಲ್ವಾ ಶೀನ?"

"ಹೌದು ಅತ್ತಿಗೆ," ಎಂದೆ. "ಬಿಡ್ಲಿಲ್ಲ."